ಮನೆಯ ಬೆಲೆ, ಮಗಳ ಪಾಲು

ಈಚೆಗೆ ತಿಕೋಟಾದ ಪರಿಚಿತರೊಬ್ಬರ ಮನೆಯಲ್ಲಿ ವಾಟ್ನಿಯ ಮಾತು ನಡೆದಿತ್ತು. ತಂದೆ ತೀರಿಕೊಂಡಿದ್ದರು, ಇಬ್ಬರು ಅಣ್ಣಂದಿರು, ಒಬ್ಬಳು ತಂಗಿ. ಅಜ್ಜನ ಕಾಲದ ಮಣ್ಣಿನ ಮಾಳಿಗೆಮನೆ, ಜಾಗ ಒಂದು ಗುಂಟೆ. ಮಾಸ್ತರನೆಂದು ನನ್ನನ್ನೂ ಪಂಚರ ಸಾಲಿನಲ್ಲಿ ಕೂಡ್ರಿಸಿದ್ದರು. ಹಿರಿಯಣ್ಣ ಕಾಗದವೊಂದನ್ನು ಮುಂದಿಟ್ಟು, "ಸರಕಾರದ ರೇಟ ಹಿಡದೀನ್ರಿ ಮಾಸ್ತರ, ಇದರಾಗ ಮೋಸ ಏನೈತ್ರಿ?" ಎಂದ. ಮೋಸವಿರಲಿಲ್ಲ, ಆದರೂ ಲೆಕ್ಕ ಸರಿಯಿರಲಿಲ್ಲ. ಅದು ಹೇಗೆಂಬುದನ್ನು ಈ ಹೊತ್ತು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಬೇಕೆಂದಿದ್ದೇನೆ.

ಜನರು ಸರಕಾರದ ರೇಟು ಎನ್ನುವುದು ಮಾರ್ಗಸೂಚಿ ಬೆಲೆಯನ್ನು. 1957ರ ಕರ್ನಾಟಕ ಮುದ್ರಾಂಕ ಕಾಯಿದೆಯಂತೆ ಊರೂರಿಗೆ, ಬಡಾವಣೆ ಬಡಾವಣೆಗೆ ಇದನ್ನು ಗೊತ್ತುಪಡಿಸುತ್ತಾರೆ. ನೋಂದಣಿಯ ವೇಳೆ ಶುಲ್ಕ ಸೋರಿಹೋಗಬಾರದೆಂಬುದೇ ಅದರ ಉದ್ದೇಶ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಅದನ್ನು ಪರಿಷ್ಕರಿಸಿದರು. ಪೇಟೆಯ ಬೆಲೆಯಾದರೋ ಪರಿಷ್ಕರಣೆಗೆ ಕಾಯುವುದಿಲ್ಲ. ಇನ್ನೊಂದು ತೊಡಕೂ ಉಂಟು. ಖರೀದಿಪತ್ರದಲ್ಲಿ ಈ ಅಂಕಿಯನ್ನೇ ಬರೆಸಿ, ಮಿಕ್ಕದ್ದನ್ನು ಕೈಯಿಂದ ಕೈಗೆ ದಾಟಿಸುವ ರೂಢಿ ನಮ್ಮಲ್ಲಿ ಬೇರುಬಿಟ್ಟಿದೆ. ಹೀಗಾಗಿ ನೆರೆಮನೆಯ ಪತ್ರವನ್ನು ತೆಗೆದು ನೋಡಿದರೂ ನಿಜವಾದ ಬೆಲೆ ಅದರಲ್ಲಿ ಕಾಣಿಸದು.

ಹಾಗಾದರೆ ನಿಜವಾದ ಬೆಲೆಯನ್ನು ಏರಿಸುವುದೇನು, ಇಳಿಸುವುದೇನು? ವಿಜಯಪುರ ನಗರವನ್ನೇ ನೋಡಿ. ಗೋಳಗುಮ್ಮಟದಂಥ ಸಂರಕ್ಷಿತ ಸ್ಮಾರಕಗಳು ನಮ್ಮ ಓಣಿ ಓಣಿಗಳ ನಡುವೆ ನಿಂತಿವೆ. 2010ರ ಕಾಯಿದೆ ತಿದ್ದುಪಡಿಯ ಪ್ರಕಾರ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಅಲ್ಲಿ ಹಳೆಯ ಮನೆಯನ್ನು ಕೆಡವಿ ಮಹಡಿ ಎಬ್ಬಿಸುತ್ತೇನೆಂದು ದುಡ್ಡು ಸುರಿದವನು ಆಮೇಲೆ ಪರಿತಪಿಸಬೇಕಾಗುತ್ತದೆ. ಇನ್ನು ನೆಲದ ಗುಣ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಗೆಯಲ್ಲಿ ಬಿರಿಯುತ್ತದೆ. ತಳಪಾಯ ಆಳವಿಲ್ಲದಿದ್ದರೆ ಗೋಡೆ ಸೀಳುತ್ತದೆ. ಗರಸು ನೆಲದಲ್ಲಿ ಆ ಖರ್ಚು ಉಳಿಯುತ್ತದೆ. ಎನ್.ಎ. ಆಗದ ಹೊಲದಲ್ಲಿ ಕಲ್ಲು ನೆಟ್ಟು ಮಾರುವ ಗುಂಟೆ ಪ್ಲಾಟುಗಳು ಅಗ್ಗವೆಂದು ಕಂಡರೂ, ಬ್ಯಾಂಕಿನವರು ಅದರ ಮೇಲೆ ಸಾಲ ಕೊಡಲು ಹಿಂಜರಿಯುತ್ತಾರೆ.

ತಿಕೋಟಾ, ಬಬಲೇಶ್ವರಗಳ ಸಂಗತಿ ಬೇರೆ. 2017ರ ಮುಂಗಡಪತ್ರದಲ್ಲಿ ಇವೆರಡನ್ನೂ ತಾಲೂಕುಗಳೆಂದು ಘೋಷಿಸಿದರು. ತಾಲೂಕು ಆದಲ್ಲಿ ಕಚೇರಿ, ಕಚೇರಿ ಬಂದಲ್ಲಿ ನೌಕರರಿಗೆ ಬಾಡಿಗೆ ಮನೆ. ಮೇಲಾಗಿ ನೀರು. ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಬರಸೀಮೆಗೆ ಹತ್ತಿದ ಮೇಲೆ ದ್ರಾಕ್ಷಿ ತೋಟದವರ ಕೈ ಸಡಿಲಾಯಿತು. ಮಕ್ಕಳು 'ಬೆಲೆ' ಬರೆಯುವಲ್ಲಿ 'ಬೆಳೆ' ಎಂದು ಬರೆದರೆ ನಾನು ಕೆಂಪು ಶಾಯಿಯಿಂದ ತಿದ್ದುತ್ತೇನೆ. ತಿಕೋಟಾದ ಮಕ್ಕಳ ಮಟ್ಟಿಗೆ ಅದು ತಪ್ಪೇ ಅಲ್ಲವೆಂದು ಈಗೀಗ ಅನಿಸುತ್ತದೆ.

ಆ ಮನೆಯ ಲೆಕ್ಕಕ್ಕೆ ಬರೋಣ. ಒಂದು ಗುಂಟೆ ಎಂದರೆ 1089 ಚದರ ಅಡಿ. ಉದಾಹರಣೆಗೆಂದು ಸರಕಾರದ ರೇಟು ಅಡಿಗೆ 400 ರೂಪಾಯಿ, ಪೇಟೆಯದು 1000 ಎಂದು ಹಿಡಿಯಿರಿ. ಮೂರರಲ್ಲೊಂದು ಪಾಲು ಮೊದಲನೆಯದರಲ್ಲಿ 1,45,200, ಎರಡನೆಯದರಲ್ಲಿ 3,63,000. ಪಾಲಿನ ಬದಲು ರೊಕ್ಕ ತೆಗೆದುಕೊಂಡು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವ ತಂಗಿಗೆ 2,17,800 ರೂಪಾಯಿ ಖೋತಾ. ಪಿತ್ರಾರ್ಜಿತದಲ್ಲಿ ಮಗಳಿಗೆ ಸಮಪಾಲೆಂದು ಕರ್ನಾಟಕ 1994ರಲ್ಲೂ, ದೇಶವೆಲ್ಲ 2005ರಲ್ಲೂ ಕಾಯಿದೆ ಮಾಡಿತು; ಸುಪ್ರೀಂ ಕೋರ್ಟು 2020ರಲ್ಲಿ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಪಾಲು ಎಷ್ಟೆಂದು ಕಾಯಿದೆ ಹೇಳುತ್ತದೆ. ಪಂಚರ ಮುಂದೆ ಯಾವ ಬೆಲೆ ಹಿಡಿಯಬೇಕೆಂದು ಅದು ಬಂದು ಹೇಳುವುದಿಲ್ಲ.

ನಾನು ಇಷ್ಟನ್ನೇ ವಿವರಿಸಿದೆ. ಹಿರಿಯಣ್ಣ ಮುಖ ಗಂಟಿಕ್ಕಿ, "ಮಣ್ಣಿನ ಮನಿಗೆ ಇಷ್ಟ ಯಾರ ಕೊಡ್ತಾರ್ರಿ?" ಎಂದ. ಆತನ ಮಾತಿನಲ್ಲಿ ಅರ್ಧ ಸತ್ಯವಿತ್ತು. ಕಟ್ಟಡ ಸವೆಯುತ್ತ ಹೋಗುತ್ತದೆ, ಬೆಲೆ ನಿಲ್ಲುವುದು ಜಾಗಕ್ಕೆ. ಅದಕ್ಕೇ ಮೌಲ್ಯಮಾಪಕರು ಅವೆರಡನ್ನೂ ಬೇರೆ ಬೇರೆ ಎಣಿಸುತ್ತಾರೆ. ಆಗ ತಂಗಿ ಮೊದಲ ಸಲ ಬಾಯಿ ತೆರೆದಳು: "ಅಳಿಯಾವ್ರನ್ನ ಕರಸ್ರಿ ಅಣ್ಣಾ. ಅವರ ಅಳದ ಮ್ಯಾಲ ಸಹಿ ಮಾಡ್ತೀನಿ."

ಮೌಲ್ಯಮಾಪಕರು ಬಂದರು. ಮಾಳಿಗೆಗೆ ಏನೂ ಹಿಡಿಯಲಿಲ್ಲ. ಸಾಗವಾನಿ ಕಂಬಗಳಿಗೂ ಕಲ್ಲಿಗೂ ಒಂದಿಷ್ಟು ಹಿಡಿದರು. ಜಾಗಕ್ಕೆ ಓಣಿಯಲ್ಲಿ ನಾಲ್ಕು ಕಡೆ ವಿಚಾರಿಸಿ ಬೆಲೆ ಬರೆದರು. ಅಂಕಿ ಪೇಟೆಯವರು ಆಡುವ ಮಾತಿಗಿಂತ ಕೆಳಗೆ, ಅಣ್ಣನ ಕಾಗದಕ್ಕಿಂತ ಬಹಳ ಮೇಲೆ ನಿಂತಿತು. ಒಣದ್ರಾಕ್ಷಿಯ ಎರಡು ಸುಗ್ಗಿಗಳಲ್ಲಿ ಎರಡು ಕಂತು ಮಾಡಿ ಕೊಡುತ್ತೇನೆಂದು ಹಿರಿಯಣ್ಣ ಒಪ್ಪಿದ. ಮೊದಲ ಕಂತು ಸಂದಿದೆ.