ಬಚ್ಚಲ ನೀರಿಗೆ ಬೇರೆ ದಾರಿ
(ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಹಬ್ಬದ ದಿನ ಕಕ್ಕಸಿನ ಮಾತು ಯಾಕಪ್ಪಾ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕಿದ್ದು ಕೇಳಿಸಿತು. ನಗಲಿ. ನಮ್ಮೂರಿಗೆ ಒಳಚರಂಡಿ ಇಲ್ಲ. ಮನೆಯಿಂದ ಹೊರಟ ನೀರೆಲ್ಲ ನಮ್ಮ ಹಿತ್ತಲಲ್ಲೇ ಇಂಗಬೇಕು. ನಾವು ಕುಡಿಯುವ ನೀರೂ ಅದೇ ನೆಲದಿಂದಲೇ ಬರಬೇಕು.

ಹಿಂದೆ ಒಂದು ತಂಬಿಗೆ ನೀರೂ ದಂಡವಾಗುತ್ತಿರಲಿಲ್ಲ. ಅಕ್ಕಿ ತೊಳೆದ ಕಲಗಚ್ಚು ಹಸುವಿಗೆ, ಬಚ್ಚಲ ನೀರು ಬಾಳೆ ಬುಡಕ್ಕೆ. ಬಾವಿಯಿಂದ ಸೇದಿದವರಿಗೆ ಅದರ ಬೆಲೆ ಗೊತ್ತಿತ್ತು. ಈಗ ಮನೆಯೊಳಗೇ ನಲ್ಲಿ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್, ಐದು ಜನರ ಮನೆಗೆ 275 ಲೀಟರ್. ಅದರಲ್ಲಿ ಮೂರರಲ್ಲಿ ಎರಡು ಪಾಲು, ಹತ್ತಿರ ಹತ್ತಿರ 180 ಲೀಟರ್, ಸ್ನಾನ, ಬಟ್ಟೆ, ಪಾತ್ರೆ ತೊಳೆದ ನೀರು. ಬೇಸಿಗೆಯಲ್ಲೂ ಮೂರು ತೆಂಗಿನ ಮರಕ್ಕೆ ಸಾಕು!

ಇದನ್ನು ನಾವು ರಸ್ತೆಗೆ ಬಿಟ್ಟು ಸೊಳ್ಳೆ ಸಾಕುತ್ತೇವೆ. ಇಲ್ಲವೇ, ಇದು ಇನ್ನೂ ಕೆಟ್ಟದ್ದು, ಕಕ್ಕಸಿನ ಸೆಪ್ಟಿಕ್ ಟ್ಯಾಂಕಿಗೇ ಸೇರಿಸಿಬಿಡುತ್ತೇವೆ. ಒಂದು ಪೈಪು ಉಳಿಯಿತು, ಅಷ್ಟೇ ಲಾಭ. ಟ್ಯಾಂಕಿನಲ್ಲಿ ನೀರು ಒಂದೆರಡು ದಿನ ಅಲ್ಲಾಡದೆ ನಿಲ್ಲಬೇಕು. ಹೊಲಸು ತಳಕ್ಕೆ ಕೂತು, ಗಾಳಿ ಬೇಡದ ಸೂಕ್ಷ್ಮಜೀವಿಗಳು ಅದನ್ನು ಕರಗಿಸಬೇಕು. ಸಣ್ಣ ಟ್ಯಾಂಕಿಗೆ ಬಚ್ಚಲ ನೀರೂ ನುಗ್ಗಿದರೆ ಕೂರಲು ಹೊತ್ತೆಲ್ಲಿ? ಹೊಲಸು ಹಾಗೇ ಹೊರಬಂದು ಇಂಗುಗುಂಡಿ ಕಟ್ಟಿಕೊಳ್ಳುತ್ತದೆ. ಟ್ಯಾಂಕಿನಿಂದ ಬರುವ ನೀರು ತಿಳಿಯಾಗಿ ಕಂಡರೂ ರೋಗಾಣು ಸತ್ತಿರುವುದಿಲ್ಲ. ಅದು ಚರಂಡಿಗೂ ಬೇಡ, ಸೊಪ್ಪಿನ ಮಡಿಗೂ ಬೇಡ, ಇಂಗುಗುಂಡಿಗೇ ಹೋಗಲಿ. ಆ ಗುಂಡಿ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್, ಅಂದರೆ 60 ಅಡಿಯಾದರೂ ದೂರ ಇರಬೇಕು. ನಮ್ಮ ಎಷ್ಟು ಹಿತ್ತಲಲ್ಲಿ ಈ ಅಂತರ ಇದೆ, ನೀವೇ ಹೆಜ್ಜೆ ಹಾಕಿ ನೋಡಿ.

ಬಚ್ಚಲ ಪೈಪಿನ ಬಾಯಿಗೆ ಸಣ್ಣ ತೊಟ್ಟಿ ಕಟ್ಟಿ ಜಾಲರಿ ಇಡಿ. ಕೂದಲು, ಅನ್ನದಗುಳು, ಜಿಡ್ಡು ಅಲ್ಲೇ ನಿಲ್ಲಲಿ. ವಾರಕ್ಕೊಮ್ಮೆ ತೆಗೆಯಿರಿ (ಸೊಸೆಯೇ ತೆಗೀಬೇಕು ಅಂತ ಏನಿಲ್ಲ). ಅಲ್ಲಿಂದ ತೆಂಗು, ಬಾಳೆಯ ಪಾತಿಗೆ ಹರಿಸಿ, ಮೇಲೆ ತರಗೆಲೆ ಮುಚ್ಚಿ. ಡ್ರಮ್ಮಿನಲ್ಲಿ ತುಂಬಿಡಬೇಡಿ, ದಿನ ಕಳೆದರೆ ನಾರುತ್ತದೆ. ಸೋಪಿನ ಪುಡಿ, ಸೋಡಾ ಹೆಚ್ಚಾದರೆ ಮಣ್ಣು ಗಟ್ಟಿಯಾಗುತ್ತದೆ, ಆದ್ದರಿಂದ ಪಾತಿ ಬದಲಾಯಿಸುತ್ತಿರಿ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿಗೆ ಈ ನೀರು ಬೇಡ. ಮಗುವಿನ ಹೊಲಸು ಬಟ್ಟೆ ತೊಳೆದದ್ದು ಮಾತ್ರ ಕಕ್ಕಸಿಗೇ ಹೋಗಲಿ.

ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಯಂತ್ರದಿಂದಲೇ ಖಾಲಿ ಮಾಡಿಸಿ. ದುಡ್ಡು ಉಳಿಯುತ್ತದೆಂದು ಯಾರನ್ನೂ ಒಳಗೆ ಇಳಿಸಬೇಡಿ. ಒಳಗಿನ ವಿಷಗಾಳಿಗೆ ಆಳು ಕೂಗುವಷ್ಟರಲ್ಲೇ ಸಾಯುತ್ತಾನೆ. ಹಾಗೆ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧವೂ ಹೌದು.

ಆಡಳಿತ ಮಂಡಳಿಯವರಲ್ಲಿ ನನ್ನದೊಂದು ಕೋರಿಕೆ. ಹಸುವಿಗೆ, ಗೊಬ್ಬರಕ್ಕೆ ಸಾಲ ಇರುವ ಹಾಗೆ ಈ ಪೈಪು, ತೊಟ್ಟಿಗೂ ಒಂದು ಸಣ್ಣ ಸಾಲ ಇಡಬಹುದೇ? ಮುಂದಿನ ಮಹಾಸಭೆಯ ವಿಷಯಪಟ್ಟಿಗೆ ಸೇರಿಸಿ. ಬಾವಿಯಿಂದ ಗುಂಡಿಗೆ ಎಷ್ಟು ದೂರ ಎಂದು ಅಳೆಯಲು ಟೇಪು ನಾನೇ ತರುತ್ತೇನೆ.