ಶೇಕಡಾ ಲೆಕ್ಕಕ್ಕೆ ಸಿಗದ ಸುಟ್ಟಗಾಯ

ಹೊಸೂರಿನ ಜೂಜುವಾಡಿಯಿಂದ ತಮಿಳುನಾಡಿನ ಗಡಿ ದಾಟಿದರೆ ಕರ್ನಾಟಕದ ಅತ್ತಿಬೆಲೆ. 2023ರ ಅಕ್ಟೋಬರ್ 7ರಂದು ಅಲ್ಲಿನ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು 14 ಮಂದಿ ಸತ್ತರು. ಸುಟ್ಟಗಾಯಗಳಿಂದ ನರಳುತ್ತಿದ್ದ ಇನ್ನೂ ಕೆಲವರು ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಬೆಂಕಿಗೆ ಸರಿಯಾಗಿ ಹತ್ತು ವಾರ ಮೊದಲು ತಮಿಳುನಾಡಿನ ಕೃಷ್ಣಗಿರಿಯ ಹಳೇಪೇಟೆಯಲ್ಲಿ ಇಂಥದೇ ಗೋದಾಮು ಸಿಡಿದು 9 ಮಂದಿ ಹೋದರು. ಇಂಥ ಸುದ್ದಿಗಳಲ್ಲಿ ಸತ್ತವರಿಗೆ ಎಣಿಕೆ, ಉಳಿದವರಿಗೆ ಶೇಕಡಾ ಲೆಕ್ಕ: ಮೈ ಇಷ್ಟು ಸುಟ್ಟಿದೆ ಎಂದು. ಡ್ರಿಪ್ ಎಷ್ಟು ಹಾಕಬೇಕು, ಜೀವ ಉಳಿದೀತೇ ಎಂದು ಅಂದಾಜು ಮಾಡಲು ವೈದ್ಯರಿಗೆ ಆ ಲೆಕ್ಕ ಬೇಕೇ ಬೇಕು. ಮನಸ್ಸಿಗೆ ಮಾತ್ರ ಅದು ಹೊಂದುವುದಿಲ್ಲ. ಬೆನ್ನೆಲ್ಲ ಸುಟ್ಟವನು ಕೆಲಸಕ್ಕೆ ಮರಳಿರಬಹುದು, ಒಂದು ಕೆನ್ನೆ ಸುಟ್ಟವಳು ಹೊಸ್ತಿಲು ದಾಟದೆ ಕೂತಿರಬಹುದು. ಬೆಂಕಿ ಮತ್ತೆ ಮತ್ತೆ ಕಣ್ಮುಂದೆ ಬರುವುದು, ನಿದ್ದೆಗೆಡುವುದು, ಖಿನ್ನತೆ, ಇವು ಸುಟ್ಟ ಚರ್ಮದ ಅಳತೆ ನೋಡಿಕೊಂಡು ಬರುವುದಿಲ್ಲ.

ಮೊದಲು ಚರ್ಮ ಕೂಡಲಿ, ಮನಸ್ಸಿನ ಮಾತು ಆಮೇಲೆ ಎನ್ನುವವರಿದ್ದಾರೆ. ಆಪರೇಷನ್ನಿಗೇ ದುಡ್ಡಿಲ್ಲದ ಮನೆಯಲ್ಲಿ ಈ ಮಾತು ನ್ಯಾಯವಾಗಿಯೇ ಕೇಳಿಸುತ್ತದೆ. ಆದರೆ ಕಲೆ ಉಬ್ಬದಂತೆ ತೊಡಿಸುವ ಬಿಗಿಯುಡುಪನ್ನು ದಿನಕ್ಕೆ 23 ಗಂಟೆ, ತಿಂಗಳುಗಟ್ಟಲೆ ಹಾಕಿಕೊಂಡಿರಬೇಕು. ನೋವು ನುಂಗಿ ಬೆರಳು ಮಡಚಿ ಬಿಚ್ಚಬೇಕು. ಬದುಕೇ ಬೇಡವಾದವರು ಇದನ್ನು ಮಾಡಿಯಾರೇ? ಮಾಡದಿದ್ದರೆ ಕೀಲು ಸೆಟೆಯುತ್ತದೆ, ಆಗ ಮತ್ತೊಂದು ಆಪರೇಷನ್. ಇನ್ನು ಕೆಲವರು, ಮನೆಯವರಿದ್ದಾರಲ್ಲ, ಅಷ್ಟು ಸಾಕು ಎನ್ನುತ್ತಾರೆ. ಮನೆಯವರು ಪ್ರೀತಿಯಿಂದಲೇ ಕನ್ನಡಿ ಬಚ್ಚಿಡುತ್ತಾರೆ, ಮದುವೆ ಮುಂಜಿಗೆ ಬರುವುದು ಬೇಡ ಎನ್ನುತ್ತಾರೆ. ಹಾಗೆ ತಪ್ಪಿಸಿಕೊಂಡಷ್ಟೂ ಜನರ ಕಣ್ಣಿನ ಹೆದರಿಕೆ ಬೇರುಬಿಡುತ್ತದೆ.

ಎರಡನೇ ಮಹಾಯುದ್ಧದಲ್ಲಿ ಮುಖ ಸುಟ್ಟ ವಿಮಾನಯೋಧರಿಗೆ ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್‌ನಲ್ಲಿ ಚಿಕಿತ್ಸೆ ಮಾಡುತ್ತಿದ್ದ ವೈದ್ಯ ಆರ್ಚಿಬಾಲ್ಡ್ ಮ್ಯಾಕಿಂಡೋ ಇದನ್ನು ಅರಿತಿದ್ದರು. ರೋಗಿಗಳನ್ನು ಪೇಟೆಗೆ ಕಳಿಸಿದರು, ದಿಟ್ಟಿಸಿ ನೋಡದಂತೆ ಊರನ್ನೇ ಅಣಿಗೊಳಿಸಿದರು. ಆ ರೋಗಿಗಳು ಯುದ್ಧವೀರರು, ನಿಜ. ನಮ್ಮಲ್ಲಿ ಒಲೆಯ ಮುಂದೆ ಸುಟ್ಟುಕೊಂಡ ಹೆಣ್ಣಿಗೆ ಗೌರವದ ಬದಲು ಗುಮಾನಿ ಎದುರಾಗುತ್ತದೆ: ತಾನೇ ಹಚ್ಚಿಕೊಂಡಳೋ, ಗಂಡನ ಮನೆಯವರೋ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಸಿಡ್ ದಾಳಿಗೆ ಒಳಗಾದವರನ್ನು ಅಂಗವಿಕಲರ ಪಟ್ಟಿಗೆ ಹೆಸರಿಸಿ ಸೇರಿಸಿಕೊಂಡಿದೆ, ಅದು ಸರಿಯೇ. ಬೆಂಕಿಯಲ್ಲಿ ಮುಖ ಸುಟ್ಟವರ ಹೆಸರು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಇವರಿಗೆ ಊರಿನ ನೆರವು ಇನ್ನೂ ಹೆಚ್ಚು ಬೇಕು. ಆಸ್ಪತ್ರೆಯಲ್ಲೂ ಡ್ರೆಸ್ಸಿಂಗ್ ಮಾಡುವಾಗಲೇ ನರ್ಸ್ ನಿದ್ದೆಯ ಬಗ್ಗೆ ಒಂದು ಮಾತು ಕೇಳಲು ಹೊಸ ಕಟ್ಟಡವೇನೂ ಬೇಕಿಲ್ಲ. ಮುಂದಿನ ಚಿಕಿತ್ಸೆಗೆ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಇರುವುದು ಬೆಂಗಳೂರಿನ ಹೊಸೂರು ರಸ್ತೆಯಲ್ಲಿ. ಮನೆ ಬಿಟ್ಟು ಹೊರಡಲಾಗದವರಿಗೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೂ ತಮಿಳಿನಲ್ಲೂ ಮಾತನಾಡುತ್ತದೆ. ಫೋನಿನಲ್ಲಿ ಮುಖ ತೋರಿಸಬೇಕಾಗಿಲ್ಲ.