ಲೈನು ಹೋದಾಗ ಜನರೇಟರಿಗೆ ಯಾವ ಸ್ವಿಚ್ಚು?
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



2020ನೆಯ ಇಸವಿ ಅಕ್ಟೋಬರ್ 12ರ ಸೋಮವಾರ ಬೆಳಿಗ್ಗೆ ಮುಂಬಯಿಯ ವಿದ್ಯುತ್ತು ಒಮ್ಮೆಲೇ ನಿಂತು, ಲೋಕಲ್ ಗಾಡಿಗಳು ಹಳಿಯ ಮೇಲೆಯೇ ನಿಂತುದು ನಿಮಗೆ ನೆನಪಿರಬಹುದು. ಅಂಥ ದಿನಕ್ಕೆಂದೇ ಹೋಟೆಲುಗಳಲ್ಲಿ ಜನರೇಟರ್ ಇಡುತ್ತಾರೆ. ಆದರೆ ಜನರೇಟರಿಗೆ ಲಕ್ಷಗಟ್ಟಲೆ ಎಣಿಸಿಕೊಡುವ ಮಾಲಕರು, ಲೈನಿನಿಂದ ಅದಕ್ಕೆ ತಾನಾಗಿ ಬದಲಿಸುವ ಪೆಟ್ಟಿಗೆಯ ಮಾತು ಬಂದಾಗ ಕೈ ಬಿಗಿ ಹಿಡಿಯುತ್ತಾರೆ. ಅದರ ಫಲವನ್ನು ಉಣ್ಣುವವರು ನಾವು.

ನಮ್ಮವರು ಕೆಲಸಕ್ಕಿದ್ದ ಒಂದು ಖಾನಾವಳಿಯಲ್ಲಿ ನಡೆದುದನ್ನು ಕೇಳಿರಿ. ಪೆಟ್ಟಿಗೆಯೊಳಗೆ ಎರಡು ಅಗ್ಗದ ಕಾಂಟ್ಯಾಕ್ಟರುಗಳು, ಲೈನಿಗೊಂದು, ಜನರೇಟರಿಗೊಂದು. ಲೈನು ಹೋಗಿ ಜನರೇಟರ್ ಹತ್ತಿದಾಗ ಗ್ರೈಂಡರುಗಳೂ ನೀರಿನ ಪಂಪೂ ಒಟ್ಟಿಗೆ ಎದ್ದವು. ಮೋಟಾರು ಏಳುವಾಗ ಓಡುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆಂಬುದು ಗಿರಣಿಯಲ್ಲಿ ದುಡಿದ ಹಿರಿಯರಿಗೆ ಹೇಳಬೇಕಾದುದಿಲ್ಲ. ಜನರೇಟರಿನ ಕಾಂಟ್ಯಾಕ್ಟರಿನ ತುದಿಗಳು ಕರಗಿ ಒಂದಕ್ಕೊಂದು ಅಂಟಿಕೊಂಡವು. ಲೈನು ಮರಳಿತು. ಜನರೇಟರಿನ ಕಾಯಿಲಿಗೆ ಕರೆಂಟು ತಪ್ಪಿದರೂ ಅಂಟಿದ ತುದಿ ಬಿಡಲಿಲ್ಲ. ಲೈನಿನ ಕಾಂಟ್ಯಾಕ್ಟರು ಹಾಕಿಕೊಂಡಿತು. ತಾಳ ಕೂಡದ ಎರಡು ಕರೆಂಟುಗಳು ಎದುರುಬದುರಾದವು. ಜನರೇಟರಿನ ಸುರುಳಿ ಸುಟ್ಟುಹೋಯಿತು. ತಪ್ಪು ಯಾರದಾಯಿತು? ಗ್ರೈಂಡರಿನ ಹುಡುಗನದು!

ಆದುದರಿಂದ ಮೊದಲು ಕೇಳಬೇಕಾದುದು ಇಂಟರ್‌ಲಾಕಿನ ವಿಷಯ. ಒಂದು ಕಾಂಟ್ಯಾಕ್ಟರು ಹಾಕಿಕೊಂಡಿರುವಾಗ ಇನ್ನೊಂದು ಅಲುಗದಂತೆ ಅಡ್ಡ ನಿಲ್ಲುವ ಲಾಕು ನಡುವೆ ಇರಬೇಕು. ತಂತಿಯ ಇಂಟರ್‌ಲಾಕು ಜೊತೆಗಿರಲಿ, ಅದೊಂದನ್ನೇ ನಂಬಬಾರದು. ಗಿರಣಿಯ ಸ್ಟಾರ್-ಡೆಲ್ಟಾ ಸ್ಟಾರ್ಟರನ್ನು ಬಿಚ್ಚಿ ನೋಡಿದವರಿಗೆ ಇದರ ಪರಿಚಯವಿದೆ. ಇದು ಜನರೇಟರೊಂದರ ಪ್ರಶ್ನೆಯಲ್ಲ. ಲೈನು ಸತ್ತಿದೆಯೆಂದು ಕಂಬ ಹತ್ತಿದವನ ಕಡೆಗೆ ನಮ್ಮ ಜನರೇಟರಿನ ಕರೆಂಟು ಹಿಂದಕ್ಕೆ ಹರಿದರೆ, ಟ್ರಾನ್ಸ್‌ಫಾರ್ಮರಿನ ಆಚೆ ಅದು 11,000 ವೋಲ್ಟಾಗುತ್ತದೆ. ಅವನೂ ನಮ್ಮಂತೆ ದುಡಿಯುವವನೇ.

ಇನ್ನು ಸಾಮಾನಿನ ಆಯ್ಕೆ. ಸಣ್ಣ ರಿಲೇ ನಾಲ್ಕು ದೀಪಕ್ಕೆ ಸಾಕು, ಅಡಿಗೆಮನೆಗೆ ಬೇಡ. ಕಾಂಟ್ಯಾಕ್ಟರ್ ಕೊಳ್ಳುವಾಗ ಮೈಮೇಲಿನ ದೊಡ್ಡ ಅಂಕೆಯನ್ನಷ್ಟೇ ನೋಡಬೇಡಿರಿ. ಎಸಿ-1 ಎಂದರೆ ಹೀಟರಿನಂಥ ಹೊರೆ, ಎಸಿ-3 ಎಂದರೆ ಮೋಟಾರು. ಹೀಟರಿಗೆ 25 ಆಂಪಿಯರ್ ತಾಳುವ ಸಾಮಾನು ಮೋಟಾರಿಗೆ ಬರೇ 9 ಆಂಪಿಯರಿನದಾಗಿರುವುದುಂಟು. ಅಂಗಡಿಯವನು ಹೇಳುವುದು ಯಾವಾಗಲೂ 25!

ಕಾಂಟ್ಯಾಕ್ಟರಿಗೆ ಇನ್ನೊಂದು ದೋಷವಿದೆ. ಕಾಯಿಲು ಹಗಲಿರುಳೂ ಹಿಡಿದಿರಬೇಕು. ವೋಲ್ಟೇಜು ಇಳಿದರೆ ಟರಟರ ಬಡಿದುಕೊಂಡು ತುದಿಗಳನ್ನು ಸುಟ್ಟುಕೊಳ್ಳುತ್ತದೆ. 25 ಕೆವಿಎ ಜನರೇಟರೆಂದರೆ ಒಂದೊಂದು ಫೇಸಿಗೆ ಸುಮಾರು 35 ಆಂಪಿಯರ್. ಅಷ್ಟರ ಮಟ್ಟಿಗೆ ಬಂದ ಮೇಲೆ ಮೋಟಾರಿನಿಂದ ತಿರುಗುವ ಚೇಂಜ್‌ಓವರ್ ಸ್ವಿಚ್ಚೇ ಲೇಸೆಂದು ನಮ್ಮ ಅಭಿಪ್ರಾಯ. ತಿರುಗುವಾಗ ಮಾತ್ರ ಕರೆಂಟು ತಿನ್ನುತ್ತದೆ, ತಿರುಗಿದ ಕಡೆ ಗಟ್ಟಿಯಾಗಿ ನಿಲ್ಲುತ್ತದೆ, ಕೆಟ್ಟರೆ ಕೈಹಿಡಿಯಿಂದಲೂ ತಿರುಗಿಸಬಹುದು. ಬೆಲೆ ಹೆಚ್ಚು, ನಿಜ. ಇವುಗಳಲ್ಲಿ ಪಿಸಿ ವರ್ಗದ್ದು ಶಾರ್ಟನ್ನು ತಾಳುತ್ತದೆ, ಕಡಿಯುವುದಿಲ್ಲ. ಅದರ ಹಿಂದೆ ಫ್ಯೂಸೋ ಬ್ರೇಕರೋ ಬೇಕೇ ಬೇಕು.

ಜನರೇಟರಿನ ನ್ಯೂಟ್ರಲನ್ನು ಬೇರೆಯಾಗಿ ಅರ್ತು ಮಾಡಿದ್ದರೆ ನಾಲ್ಕು ಪೋಲಿನದನ್ನೇ ತನ್ನಿರಿ. ನ್ಯೂಟ್ರಲ್ ಮಾತ್ರ ಫೇಸುಗಳಿಗಿಂತ ಮೊದಲು ಬಿಡಬಾರದು. ಬಿಟ್ಟರೆ 230 ವೋಲ್ಟಿನ ಫ್ರಿಜ್ಜಿಗೆ 400ರ ಹತ್ತಿರ ಬಡಿಯಬಹುದು. ಲೈನು ಮರಳಿದಾಕ್ಷಣವೂ ಬದಲಿಸಬಾರದು, ಕೆಲವು ನಿಮಿಷ ನೆಟ್ಟಗೆ ನಿಂತಿದೆಯೆಂದು ಕಾಯುವ ಟೈಮರ್ ಇರಲಿ.

ಪೆಟ್ಟಿಗೆಯನ್ನು ನೀವೇ ಬಿಚ್ಚಲು ಹೋಗಬೇಡಿರಿ. ಲೈಸೆನ್ಸ್ ಇದ್ದ ವಯರ್‌ಮನ್ ಬಂದಾಗ ಹತ್ತಿರ ನಿಂತು, ಇಂಟರ್‌ಲಾಕ್ ಎಲ್ಲಿದೆ ತೋರಿಸೆಂದು ಕೇಳಿರಿ.

ಆ ಹುಡುಗನ ಸಂಬಳದಲ್ಲಿ ಮುರಿದ ಹಣದ ವಿಷಯ ಸಂಘದ ಸಮಿತಿಯ ಮುಂದಿದೆ. ಅಂಟಿಹೋದ ಕಾಂಟ್ಯಾಕ್ಟರನ್ನು ನಾವು ತೆಗೆದಿರಿಸಿ ತಂದಿದ್ದೇವೆ. ನೋಡಬೇಕೆನ್ನುವವರು ಚಹದ ಹೊತ್ತಿಗೆ ಈ ಮೇಜಿನ ಬಳಿಗೆ ಬರಬಹುದು.